ಬೋಲ್ಟು, ಅಗುಳಿ, ಚಿಲಕ

ಉತ್ತರಹಳ್ಳಿಯಲ್ಲಿ ಈಗ ಮನೆಮನೆಗೂ ಬೋಲ್ಟು. ಈ ಇಂಗ್ಲಿಷ್ ಪದದ ಮೂಲ ಅರ್ಥ ಅಡ್ಡಬಿಲ್ಲಿನ ಗಿಡ್ಡ, ದಪ್ಪ ಬಾಣ. ಬಾಗಿಲಿನ ಸರಳು, ಸಿಡಿಲಿನ ಹೊಡೆತ, ಬಟ್ಟೆಯ ಥಾನು ಎಂಬ ಅರ್ಥಗಳು ಆಮೇಲೆ ಸೇರಿದವು.

ಈ ಭಾಗದ ಹಳೆಯ ದಪ್ಪಗೋಡೆಯ ಹಳ್ಳಿಮನೆಗಳನ್ನು ಕಾಯುತ್ತಿದ್ದದ್ದು ಅಗುಳಿ. ಸಂಸ್ಕೃತದ ‘ಅರ್ಗಲ’ದಿಂದ ಬಂದ ಹೆಸರು. ಗಟ್ಟಿಮರದ ಈ ಅಡ್ಡಪಟ್ಟಿ ಹಗಲೆಲ್ಲ ಗೋಡೆಯೊಳಗಿನ ಉದ್ದನೆಯ ಪೊಟರೆಯಲ್ಲಿ ಅಡಗಿರುತ್ತಿತ್ತು. ರಾತ್ರಿ ಅದನ್ನು ಎಳೆದು, ಎರಡೂ ಕದಗಳ ಹಿಂದೆ ಹಾಯಿಸಿ, ಆಚೆ ಬದಿಯ ಕುಳಿಗೆ ಕೂರಿಸಿದರೆ ಮುಗಿಯಿತು. ಹೊರಗಿನಿಂದ ಎಷ್ಟೇ ತಳ್ಳಿದರೂ ಆ ಒತ್ತಡವನ್ನು ಗೋಡೆಯೇ ತಡೆಯುತ್ತಿತ್ತು. ಮೊಳೆ, ತಿರುಪು ಒಂದೂ ಬೇಡ. ಹಳ್ಳಿಯ ಬಡಗಿಗಳ ಜಾಣ್ಮೆಯನ್ನು ಮೆಚ್ಚಲೇಬೇಕು.

ಮನೆಯವರೆಲ್ಲ ಊರಿಗೆ ಹೊರಟರೆ ಒಳಗಿನ ಅಗುಳಿ ಉಪಯೋಗಕ್ಕೆ ಬಾರದು. ಆಗ ಕದದ ಸರಪಳಿ ಚಿಲಕವನ್ನು ದಾರಂದದ ಕೊಂಡಿಗೆ ಸಿಕ್ಕಿಸಿ ಬೀಗ ಜಡಿಯುತ್ತಿದ್ದರು.