ಐಬ್ಯಾನ್: 97ರಿಂದ ಭಾಗಿಸಿದರೆ 1 ಉಳಿಯುವ ಸಂಖ್ಯೆ

ಐಬ್ಯಾನ್ ಎಂಬುದು ಬ್ಯಾಂಕ್ ಖಾತೆಯ ಅಂತಾರಾಷ್ಟ್ರೀಯ ಸಂಖ್ಯೆ. ಯುಎಇಯಲ್ಲಿ ಅದಕ್ಕೆ 23 ಸ್ಥಾನ, ಸೌದಿಯಲ್ಲಿ 24, ಕತಾರ್‌ನಲ್ಲಿ 29, ಕುವೈತ್‌ನಲ್ಲಿ 30. ಉದ್ದ ಬೇರೆಯಾದರೂ ಒಳಗಿನ ಲೆಕ್ಕ ಒಂದೇ.

ಮಾದರಿಗೆ ‘ಎಇ07 0331234567890123456’ ತೆಗೆದುಕೊಳ್ಳಿ. ಮೊದಲ ನಾಲ್ಕು ಸ್ಥಾನಗಳನ್ನು ಕೊನೆಗೆ ಒಯ್ದು, ‘ಎ’ ಬದಲು 10, ‘ಇ’ ಬದಲು 14 ಬರೆದರೆ ಸಿಗುವುದು 331234567890123456101407 ಎಂಬ 24 ಅಂಕಿಯ ಸಂಖ್ಯೆ (ಎಡತುದಿಯ ಸೊನ್ನೆಗೆ ಬೆಲೆಯಿಲ್ಲ). ಇದನ್ನು 97ರಿಂದ ಭಾಗಿಸಿದರೆ ಶೇಷ 1. ಶೇಷ 1 ಬರಲೆಂದೇ ‘07’ ಸೇರಿಸಿರುವುದು.

97 ಅವಿಭಾಜ್ಯ ಸಂಖ್ಯೆ. ಹಾಗಾಗಿ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲುಬದಲಾದರೂ ಶೇಷ 1 ಬರೋದೇ ಇಲ್ಲ. ಖಾತೆಯ ಕೊನೆಯ 56ನ್ನು 65 ಅಂತ ಬರೆದರೆ ಶೇಷ 50 ಆಗುತ್ತೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ.

ಆದರೆ ಈ ಲೆಕ್ಕ ಹೆಸರು ನೋಡಲ್ಲ. ಇನ್ನೊಬ್ಬರ ಸರಿಯಾದ ಐಬ್ಯಾನ್ ಹಾಕಿದರೂ ಶೇಷ 1 ಬರುತ್ತೆ.

ಭಾರತದ ಖಾತೆಗಳಿಗೆ ಐಬ್ಯಾನ್ ಇಲ್ಲ. ಊರಿಗೆ ಹಣ ಕಳಿಸುವಾಗ ಕೊಡುವುದು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ. ಐಎಫ್‌ಎಸ್‌ಸಿ ಶಾಖೆಯನ್ನು ತೋರಿಸುತ್ತದೆ, ಖಾತೆ ಸಂಖ್ಯೆಯ ತಪ್ಪನ್ನು ಹಿಡಿಯಲ್ಲ. ಅಲ್ಲಿ 97ರ ಕಾವಲಿಲ್ಲ. ಪಾಸ್‌ಬುಕ್ ನೋಡಿಕೊಂಡು ಒಂದೊಂದೇ ಅಂಕಿ ತಾಳೆ ಹಾಕುವುದೇ ಕಾವಲು.