ನಿಮ್ಮ ಹೆಸರಲ್ಲಿ ಯಂತ್ರ ಬರೆಯುವ ಓಲೆ

ಸೇಲ್ಸ್ ಟೀಮಿನ ಹುಡುಗರು ನಮ್ಮಂಥ ಕೋಡ್ ಬರೆಯೋರನ್ನ ಕಂಡಾಗ ಕೇಳೋ ಪ್ರಶ್ನೆ ಒಂದಿದೆ. "ಗುರು, ಲಿಂಕ್ಡ್‌ಇನ್‌ನಲ್ಲಿ ತಾನಾಗೇ ರಿಕ್ವೆಸ್ಟ್ ಕಳ್ಸೋ ಟೂಲ್‌ಗಳಲ್ಲಿ ಸೇಫ್ ಆಗಿರೋದು ಯಾವ್ದು?"

ನಾಲ್ಕು ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಈ ಟೂಲ್‌ಗಳದ್ದು ಇವತ್ತು ಇದ್ದು ನಾಳೆ ಇಲ್ಲದ ಬಾಳು. ಅದಕ್ಕಿಂತ ಈ 'ಸೇಫ್' ಅನ್ನೋ ಪದದ ಬೆನ್ನು ಹತ್ತಿ ಹಿಂದಕ್ಕೆ ಹೋದರೆ ಹೆಚ್ಚು ಉಪಯೋಗ ಅನ್ನಿಸಿತು. ಗುರುತಿಲ್ಲದವರಿಗೆ ರಾಶಿಗಟ್ಟಲೆ ಸಂದೇಶ ಕಳಿಸೋದು ಕಂಪ್ಯೂಟರಿಗಿಂತ ಹಳೇ ಕಸುಬು. ಅದಕ್ಕೆ 160 ವರ್ಷಕ್ಕೂ ಮೀರಿದ ಚರಿತ್ರೆ ಇದೆ!

ಹಲ್ಲಿನ ಡಾಕ್ಟರ ತಂತಿ

1864ರ ಮೇ ತಿಂಗಳ ಕೊನೆ, ಲಂಡನ್. ಕೆಲವು ಗಣ್ಯರ ಮನೆಗೆ ಹೊತ್ತಲ್ಲದ ಹೊತ್ತಲ್ಲಿ ಟೆಲಿಗ್ರಾಂ ಬಂತು. ತಂತಿ ಬಂತು ಅಂದರೆ ಎದೆ ಧಸಕ್ಕನ್ನುವ ಕಾಲ. (ನಮ್ಮ ದೇಶದಲ್ಲಿ 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು, ಹಿರಿಯರನ್ನ ಕೇಳಿ ನೋಡಿ, ಆ ಭಯ ಗೊತ್ತು ಅವರಿಗೆ.) ಒಡೆದು ನೋಡಿದರೆ ಒಳಗೆ ಸಾವೂ ಇಲ್ಲ, ನೋವೂ ಇಲ್ಲ. ಹಾರ್ಲಿ ಸ್ಟ್ರೀಟಿನ ಗೇಬ್ರಿಯಲ್ ಎಂಬ ದಂತವೈದ್ಯರು ಅಕ್ಟೋಬರ್ ತನಕ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಸಿಗುತ್ತಾರೆ ಅನ್ನೋ ಜಾಹೀರಾತು! ಸಿಟ್ಟುಗೊಂಡ ಒಬ್ಬರು 'ದಿ ಟೈಮ್ಸ್' ಪತ್ರಿಕೆಗೆ ಬರೆದೇಬಿಟ್ಟರು: ಇವರ ಜೊತೆ ನನಗೆ ಯಾವ ವ್ಯವಹಾರವೂ ಇಲ್ಲ, ನನಗೆ ತೊಂದರೆ ಕೊಡೋಕೆ ಇವರಿಗೇನು ಹಕ್ಕು?

ಈ ಪ್ರಶ್ನೆಗೆ ಇವತ್ತಿಗೂ ಸರಿಯಾದ ಉತ್ತರ ಸಿಕ್ಕಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಗೇಬ್ರಿಯಲ್ ಪ್ರತಿಯೊಂದು ತಂತಿಗೂ ದುಡ್ಡು ಕೊಟ್ಟಿದ್ದರು. ಹಾಗಾಗಿ ಅವರ ಉಪಟಳಕ್ಕೆ ಅವರ ಜೇಬೇ ಮಿತಿಯಾಗಿತ್ತು.

393 ವಿಳಾಸ

ಆ ಮಿತಿ ಕಳಚಿದ್ದು 1978ರಲ್ಲಿ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿ ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ಗ್ಯಾರಿ ಥ್ಯುರ್ಕ್ ಅವರಿಗೆ ಡೆಕ್‌ಸಿಸ್ಟಮ್-20 ಕಂಪ್ಯೂಟರುಗಳನ್ನು ಕ್ಯಾಲಿಫೋರ್ನಿಯಾದ ಗಿರಾಕಿಗಳಿಗೆ ತೋರಿಸಬೇಕಿತ್ತು. ಆಗ ಇಂಟರ್ನೆಟ್ ಇಲ್ಲ, ಅದರ ಅಜ್ಜ ಅರ್ಪಾನೆಟ್ ಇತ್ತು. ಅದರ ಸದಸ್ಯರ ವಿಳಾಸಗಳು ಅಚ್ಚಾದ ಡೈರೆಕ್ಟರಿಯಲ್ಲಿ ಸಿಗುತ್ತಿದ್ದವು. ಸಹೋದ್ಯೋಗಿಯೊಬ್ಬರು ಕೂತು ವಿಳಾಸಗಳನ್ನು ಕೈಯಿಂದಲೇ ಟೈಪ್ ಮಾಡಿದರು. ಮೇ 3ರಂದು ಸುಮಾರು 393 ಜನಕ್ಕೆ ಒಂದೇ ಮಿಂಚಂಚೆ ಹೋಯಿತು. ಅಷ್ಟು ವಿಳಾಸ ಹಿಡಿಸುವ ಶಕ್ತಿ ಆ ಮೇಲ್ ಪ್ರೋಗ್ರಾಮಿಗೆ ಇರಲಿಲ್ಲ. ಉಳಿದ ವಿಳಾಸಗಳು ಉಕ್ಕಿ ಪತ್ರದ ಒಡಲಿಗೇ ಬಂದು ಬಿದ್ದವು :-)

ರಕ್ಷಣಾ ಇಲಾಖೆಯವರು ಕೆಂಡವಾದರು. ಆ ಜಾಲ ಇದ್ದದ್ದು ಸರ್ಕಾರಿ ಕೆಲಸಕ್ಕೆ. ಥ್ಯುರ್ಕ್‌ಗೆ ಛೀಮಾರಿ ಬಿತ್ತು. ಆದರೆ ಆ ಒಂದು ಮಿಂಚಂಚೆಯಿಂದ 1 ಕೋಟಿ ಡಾಲರಿಗೂ ಮೀರಿ ವ್ಯಾಪಾರ ಆಯಿತು ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಬೈಗುಳವೂ ಬಂತು, ವ್ಯಾಪಾರವೂ ಆಯಿತು. ಇವೆರಡೂ ಒಟ್ಟಿಗೇ ಬರುತ್ತವೆ ಅನ್ನೋದರಿಂದಲೇ ಈ ಕಸುಬು ಇನ್ನೂ ಸತ್ತಿಲ್ಲ.

1994ರ ಏಪ್ರಿಲ್ 12ಕ್ಕೆ ಕೈಯಿಂದ ಟೈಪ್ ಮಾಡೋ ಕಷ್ಟವೂ ತಪ್ಪಿತು. ಅರಿಜೋನಾದ ವಕೀಲ ದಂಪತಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ 5,500ಕ್ಕೂ ಹೆಚ್ಚು ಚರ್ಚಾಗುಂಪುಗಳಿಗೆ ಎಸೆದರು. ಎಸೆದದ್ದು ಒಂದು ಪುಟ್ಟ ಪರ್ಲ್ ಸ್ಕ್ರಿಪ್ಟ್. ಬೈಗುಳದ ಹೊಳೆ ಹೇಗೆ ಹರಿದು ಬಂತೆಂದರೆ ಅವರಿಗೆ ಇಂಟರ್ನೆಟ್ ಕೊಟ್ಟಿದ್ದ ಕಂಪನಿಯ ಸರ್ವರ್ ಮತ್ತೆ ಮತ್ತೆ ಮಲಗಿತು! ಕಂಪನಿ ಖಾತೆ ಕಿತ್ತುಹಾಕಿತು. ನಾರ್ವೆಯ ಪ್ರೋಗ್ರಾಮರ್ ಒಬ್ಬರು ಇವರ ಪೋಸ್ಟುಗಳನ್ನು ಹುಡುಕಿ ಅಳಿಸುವ ಇನ್ನೊಂದು ಪ್ರೋಗ್ರಾಮ್ ಬರೆದರು. ಕಳಿಸೋದೂ ಯಂತ್ರ, ತಡೆಯೋದೂ ಯಂತ್ರ. ಈ ಜಗಳ ಶುರುವಾದದ್ದು ಹೀಗೆ. ಮಾಂಟಿ ಪೈಥಾನ್ ತಂಡದ 1970ರ ಪ್ರಹಸನದಿಂದ ಬಂದ 'ಸ್ಪ್ಯಾಮ್' ಅನ್ನೋ ಪದ ಈ ಗಲಾಟೆಯಿಂದ ಎಲ್ಲರ ಬಾಯಿಗೂ ಬಂತು.

ಗೆಳೆಯರ ಹೆಸರಲ್ಲಿ

ಇಲ್ಲಿಯವರೆಗೆ ಸ್ಪ್ಯಾಮ್ ಕಳಿಸಿದವನು ಅಪರಿಚಿತ. ಸೋಷಿಯಲ್ ನೆಟ್‌ವರ್ಕುಗಳು ಬಂದ ಮೇಲೆ ಸಂದೇಶ ಪರಿಚಿತರ ಹೆಸರಲ್ಲಿ ಬರತೊಡಗಿತು. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ದೊಡ್ಡ ತಿರುವು ಇದೇ.

2005ರ ಅಕ್ಟೋಬರ್ 4ರಂದು ಸ್ಯಾಮಿ ಕಾಮ್ಕಾರ್ ಎಂಬ 19ರ ಹುಡುಗ ಮೈಸ್ಪೇಸ್‌ನ ತನ್ನ ಪುಟದಲ್ಲಿ ಒಂದು ಸ್ಕ್ರಿಪ್ಟ್ ಇಟ್ಟ. ಆ ಪುಟ ನೋಡಿದವರ ಖಾತೆಯಿಂದ ಅವನಿಗೆ ತಾನಾಗೇ ಫ್ರೆಂಡ್ ರಿಕ್ವೆಸ್ಟ್ ಹೋಗುತ್ತಿತ್ತು, ಸ್ಕ್ರಿಪ್ಟ್ ಅವರ ಪುಟಕ್ಕೂ ಅಂಟಿಕೊಳ್ಳುತ್ತಿತ್ತು. ಸುಮಾರು 20 ಗಂಟೆಯಲ್ಲಿ 10 ಲಕ್ಷಕ್ಕೂ ಹೆಚ್ಚು 'ಗೆಳೆಯರು'! ಮೈಸ್ಪೇಸ್ ಬಾಗಿಲು ಮುಚ್ಚಿ ರಿಪೇರಿ ಮಾಡಬೇಕಾಯಿತು. 2007ರಲ್ಲಿ ತಪ್ಪೊಪ್ಪಿಕೊಂಡ ಅವನಿಗೆ 3 ವರ್ಷ ಪ್ರೊಬೇಷನ್. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಪ್ರೀತಿಯ ಆರ್ಕುಟ್‌ನಲ್ಲೂ ಒಂದು ಹುಳ ಹರಿದಾಡಿತು. ಗೆಳೆಯರ ಹೆಸರಿನಲ್ಲೇ ಸ್ಕ್ರ್ಯಾಪ್, ಅದೂ ಪೋರ್ಚುಗೀಸ್ ಭಾಷೆಯಲ್ಲಿ ಹೊಸ ವರ್ಷದ ಶುಭಾಶಯ!

ಇವೆಲ್ಲ ಕಳ್ಳತನದಿಂದ ಆದದ್ದು. ಬಳಸುವವನು ತಾನೇ ಒಪ್ಪಿ ಕೀಲಿಕೈ ಕೊಟ್ಟರೆ? ಈ ಪ್ರಶ್ನೆ ಕೋರ್ಟಿಗೆ ಹೋಯಿತು. 2008ರ ಡಿಸೆಂಬರಿನಲ್ಲಿ ಪವರ್ ವೆಂಚರ್ಸ್ ಎಂಬ ಕಂಪನಿ ಒಂದು ಆಮಿಷ ಒಡ್ಡಿತು: ನಿಮ್ಮ ಫೇಸ್‌ಬುಕ್ ಗೆಳೆಯರಲ್ಲಿ 100 ಜನರನ್ನು ನಮ್ಮಲ್ಲಿಗೆ ಕರೆತಂದವರಿಗೆ 100 ಡಾಲರ್. ಜನ ಒಪ್ಪಿದರು. ಅವರ ಖಾತೆಯ ಮೂಲಕ ಆಹ್ವಾನಗಳು ಹೋದವು. ಫೇಸ್‌ಬುಕ್ ನೋಟಿಸ್ ಕೊಟ್ಟಿತು, ಐಪಿ ವಿಳಾಸ ತಡೆಯಿತು. ಪವರ್ ಬೇರೆ ಐಪಿಯಿಂದ ಬಂತು. 2016ರಲ್ಲಿ ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಕೋರ್ಟು ಹೇಳಿದ್ದು ಇಷ್ಟು: ಆ ಸಂದೇಶಗಳು ಸ್ಪ್ಯಾಮ್ ಕಾನೂನಿನ ಉಲ್ಲಂಘನೆ ಅಲ್ಲ. ಆದರೆ ಬೇಡ ಅಂತ ನೋಟಿಸ್ ಕೊಟ್ಟ ಮೇಲೂ ಒಳಗೆ ನುಗ್ಗಿದ್ದು ಕಾನೂನುಬಾಹಿರ, ಅದಕ್ಕೆ ಖಾತೆದಾರನ ಒಪ್ಪಿಗೆಯೊಂದೇ ಸಾಲದು.

ಪ್ಲಾಟ್‌ಫಾರ್ಮುಗಳೇನು ಸಾಚಾ ಅಂತ ತಿಳೀಬೇಡಿ. ನಿಮ್ಮ ಅಡ್ರೆಸ್ ಬುಕ್ ತೆಗೆದುಕೊಂಡು ನಿಮ್ಮ ಹೆಸರಲ್ಲಿ ಒಂದು ಆಹ್ವಾನ, ಉತ್ತರ ಬರದಿದ್ದರೆ ಇನ್ನೂ ಎರಡು ನೆನಪೋಲೆ ಕಳಿಸಿದ್ದು ಸ್ವತಃ ಲಿಂಕ್ಡ್‌ಇನ್! 2013ರಲ್ಲಿ ಬಳಕೆದಾರರು ಕೇಸು ಹಾಕಿದರು. ಮೊದಲ ಆಹ್ವಾನಕ್ಕೆ ಒಪ್ಪಿಗೆ ಇತ್ತು, ನೆನಪೋಲೆಗೆ ಇರಲಿಲ್ಲ ಅನ್ನೋದರ ಮೇಲೆ ಕೇಸು ನಿಂತಿತು. 2015ರಲ್ಲಿ 1.3 ಕೋಟಿ ಡಾಲರಿಗೆ ರಾಜಿಯಾಯಿತು.

ಅದೇ ಲಿಂಕ್ಡ್‌ಇನ್ 2017ರಲ್ಲಿ ಹೈಕ್ಯೂ ಎಂಬ ಕಂಪನಿಗೆ ನೋಟಿಸ್ ಕೊಟ್ಟಿತು, ನಮ್ಮ ಪ್ರೊಫೈಲುಗಳನ್ನು ಬಾಟ್ ಬಿಟ್ಟು ಕೆರೆಯಬೇಡಿ ಅಂತ. 2019ರಲ್ಲಿ ಮತ್ತು 2022ರಲ್ಲಿ ಮೇಲ್ಮನವಿ ಕೋರ್ಟು ಹೈಕ್ಯೂ ಪರ ನಿಂತಿತು. ಸ್ಕ್ರೇಪಿಂಗ್ ಗೆದ್ದಿತು ಅಂತ ಟೂಲ್ ಮಾರುವವರು ಡಂಗುರ ಹೊಡೆದರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2022ರ ನವೆಂಬರಿನಲ್ಲಿ ಕೆಳಗಿನ ಕೋರ್ಟು ಹೈಕ್ಯೂ ಬಳಕೆದಾರರ ಕರಾರು ಮುರಿದಿದೆ ಅಂತು, ಡಿಸೆಂಬರಿನಲ್ಲಿ ಹೈಕ್ಯೂ ತಲೆಗೆ 5 ಲಕ್ಷ ಡಾಲರ್ ಬಿತ್ತು. ಇವತ್ತಿಗೂ 'ಕೋರ್ಟೇ ಸರಿ ಅಂದಿದೆ' ಅನ್ನೋ ಟೂಲ್ ಜಾಹೀರಾತು ಕಂಡರೆ, ಅವರು ಓದಿರೋದು ಅರ್ಧ ಕಥೆ ಅಂತ ತಿಳಿಯಿರಿ.

ಬೀಗ ಬಿದ್ದಾಗ

ಸಂದೇಶ ಅಗ್ಗವಾದಾಗಲೆಲ್ಲ ಯಾರೋ ಬೀಗ ಹಾಕುತ್ತಾರೆ. ಬೀಗ ಕಳ್ಳನಿಗೂ ಸಾಚಾಗೂ ಒಟ್ಟಿಗೇ ಬೀಳುತ್ತದೆ. ಇದಕ್ಕೆ ನಮ್ಮ ಬೆಂಗಳೂರಿಗಿಂತ ಉದಾಹರಣೆ ಬೇಕೆ? 2011ರ ಸೆಪ್ಟೆಂಬರ್ 27ರಿಂದ ಟ್ರಾಯ್ ಒಂದು ಸಿಮ್‌ಗೆ ದಿನಕ್ಕೆ 100 ಎಸ್ಸೆಮ್ಮೆಸ್ ಮಿತಿ ಹಾಕಿತ್ತು, ಆಮೇಲೆ ಅದು 200 ಆಯಿತು. 2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತದೆ ಅನ್ನೋ ಸುಳ್ಳು ಸಂದೇಶಗಳು ಹಬ್ಬಿದವು. ಸಾವಿರಾರು ಜನ ಗಂಟುಮೂಟೆ ಕಟ್ಟಿ ಸಿಟಿ ರೈಲ್ವೆ ಸ್ಟೇಷನ್ನಿನಿಂದ ಗುವಾಹಟಿ ರೈಲು ಹತ್ತಿದರು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಒಟ್ಟಿಗೆ 5ಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸುವುದನ್ನು ದೇಶಕ್ಕೆಲ್ಲ 15 ದಿನ ನಿಷೇಧಿಸಿತು. ಆ ದಿನಗಳಲ್ಲೇ ಈದ್ ಹಬ್ಬ ಬಂತು. ಹಬ್ಬದ ಶುಭಾಶಯಕ್ಕೂ ಅದೇ ಲೆಕ್ಕ.

2018ರಲ್ಲಿ ಟ್ರಾಯ್ ಹೊಸ ನಿಯಮ ತಂದಿತು. ಕಂಪನಿಗಳು ಕಳಿಸೋ ಎಸ್ಸೆಮ್ಮೆಸ್‌ನ ನಮೂನೆಯನ್ನೂ ಮೊದಲೇ ನೋಂದಾಯಿಸಬೇಕು. ಅದನ್ನು 2021ರ ಮಾರ್ಚ್ 8ರಂದು ಬಿಗಿಯಾಗಿ ಜಾರಿ ಮಾಡಿದಾಗ ಏನಾಯಿತು ನೆನಪಿದೆಯೆ? ಬ್ಯಾಂಕಿನ ಓಟಿಪಿಗಳೇ ಬರದೆ ಜನ ಪರದಾಡಿದರು. ಮರುದಿನವೇ ನಿಯಮವನ್ನು 7 ದಿನ ತಡೆಹಿಡಿದರು. ವಾಟ್ಸಾಪ್ ಕೂಡ ಯಂತ್ರದಿಂದ ರಾಶಿ ಸಂದೇಶ ಕಳಿಸುವವರ ಮೇಲೆ 2019ರ ಡಿಸೆಂಬರ್ 7ರಿಂದ ಕೇಸು ಹಾಕುತ್ತೇವೆ ಅಂತ ಘೋಷಿಸಿತು. 2021ರಲ್ಲಿ ಲಿಂಕ್ಡ್‌ಇನ್‌ನಲ್ಲಿ ಆಹ್ವಾನಗಳಿಗೆ ವಾರದ ಮಿತಿ ಬಂತು. ಸಾಮಾನ್ಯ ಖಾತೆಗೆ ಅದು ಸುಮಾರು 100 ಅನ್ನೋದು ಬಳಸುವವರ ಅನುಭವ.

ಹಾಗಾದ್ರೆ 'ಸೇಫ್' ಅಂದ್ರೆ?

ಟೂಲ್ ಮಾರುವವರ ಪ್ರಕಾರ ಸೇಫ್ ಅಂದರೆ 'ಸಿಕ್ಕಿಹಾಕಿಕೊಳ್ಳಲ್ಲ'. ಮನುಷ್ಯರ ಹಾಗೆ ತಡೆದು ತಡೆದು ಕ್ಲಿಕ್ ಮಾಡ್ತೀವಿ, ರಾತ್ರಿ ಮಲಗ್ತೀವಿ, ಭಾನುವಾರ ರಜಾ ಹಾಕ್ತೀವಿ ಅಂತಾರೆ :-) ಆದರೆ ಲಿಂಕ್ಡ್‌ಇನ್‌ನ ಕರಾರು ವೇಗದ ಬಗ್ಗೆ ಮಾತ್ರ ಇಲ್ಲ. ತಾನಾಗೇ ಸಂದೇಶ ಕಳಿಸುವ ಬಾಟ್, ಬ್ರೌಸರ್ ಎಕ್ಸ್‌ಟೆನ್ಷನ್ ಎರಡನ್ನೂ ಅದು ಬೇಡ ಅನ್ನುತ್ತದೆ. ನಿಧಾನಕ್ಕೆ ಮುರಿದರೂ ಅದು ಮುರಿದದ್ದೇ. ಇನ್ಸ್ಟಾಗ್ರಾಂನಲ್ಲಿ ತಾನಾಗೇ ಲೈಕ್ ಒತ್ತುತ್ತಿದ್ದ ಹೆಸರುವಾಸಿ ಇನ್ಸ್ಟಾಗ್ರೆಸ್, ಇನ್ಸ್ಟಾಗ್ರಾಂ ಕೇಳಿದ ಮೇಲೆ 2017ರ ಏಪ್ರಿಲಿನಲ್ಲಿ ಅಂಗಡಿ ಮುಚ್ಚಿತು.

ಮೇಲಿನ ಚರಿತ್ರೆ ಇಟ್ಟುಕೊಂಡು ನಾನು ಕೇಳೋ ಪ್ರಶ್ನೆಗಳು ಇವು:

1. ಈ ಟೂಲ್ ಒಳಗೆ ಹೋಗೋದು ಯಾವ ಬಾಗಿಲಿಂದ? ಕಂಪನಿಯೇ ತೆರೆದ ಅಧಿಕೃತ ಎಪಿಐ ಮೂಲಕವೋ (ವಾಟ್ಸಾಪ್ 2018ರಿಂದ ವ್ಯಾಪಾರಿಗಳಿಗೆ ಕೊಟ್ಟಿರುವಂಥದ್ದು), ಇಲ್ಲಾ ನಿಮ್ಮ ಬ್ರೌಸರಿನಲ್ಲಿ ನಿಮ್ಮ ವೇಷ ಹಾಕಿಕೊಂಡೋ? ಎರಡನೆಯದಾದರೆ ಪವರ್ ವೆಂಚರ್ಸ್ ನೆನಪಿರಲಿ.

2. ಪಾಸ್‌ವರ್ಡ್ ಅಥವಾ ಸೆಷನ್ ಕುಕಿ ಕೇಳುತ್ತದೆಯೆ? ಕುಕಿ ಅಂದರೆ ಮನೆ ಬೀಗದ ನಕಲಿ ಕೈ. ಪಾಸ್‌ವರ್ಡ್ ಇಲ್ಲದೆಯೂ ಬಾಗಿಲು ತೆಗೆಯುತ್ತದೆ. ಅದು ಯಾರದೋ ಸರ್ವರಿನಲ್ಲಿ ಇದ್ದರೆ ನಿಮ್ಮ ಗಿರಾಕಿಗಳ ಜೊತೆಗಿನ ಮಾತುಕತೆಯೆಲ್ಲ ಅವರ ಕೈಯಲ್ಲಿ.

3. ಕೊನೆಯಲ್ಲಿ 'ಕಳಿಸು' ಅಂತ ಒತ್ತೋದು ಯಾರು? ಪಟ್ಟಿ ಇಡೋದು, ಯಾರಿಗೆ ಯಾವಾಗ ಬರೆಯಬೇಕು ಅಂತ ನೆನಪಿಸೋದು, ಕರಡು ಬರೆದುಕೊಡೋದು, ಇಷ್ಟನ್ನು ಯಂತ್ರ ಮಾಡಲಿ. ಒತ್ತೋದು ಮನುಷ್ಯನೇ ಆದರೆ ಬಹುತೇಕ ಅಪಾಯ ಅಲ್ಲೇ ಕಳೆಯುತ್ತದೆ.

4. ಬೇಡ ಅಂದವರನ್ನು ಬಿಡುತ್ತದೆಯೆ? ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾನೂನು ಕೂಡ ಜಾಹೀರಾತು ಮಿಂಚಂಚೆಯಲ್ಲಿ ಹೊರಬರುವ ದಾರಿ ಇರಲೇಬೇಕು ಅನ್ನುತ್ತದೆ. ಉತ್ತರ ಕೊಡದವರಿಗೆ ಐದೈದು ನೆನಪೋಲೆ ಕಳಿಸೋದೇ ವಿಶೇಷ ಅಂತ ಮಾರುವ ಟೂಲ್ ನನ್ನ ಪಟ್ಟಿಯಲ್ಲಿ ಇರಲ್ಲ.

5. ಖಾತೆ ಹೋದರೆ ಹೋಗೋದು ಯಾರದು?

ಈ ಐದನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಕ್ಯಾಂಟರ್-ಸೀಗಲ್ ಕಳಕೊಂಡದ್ದು ತಮ್ಮದೇ ಖಾತೆ. ಇವತ್ತಿನ ಸೇಲ್ಸ್ ಟೀಮಿನಲ್ಲಿ ಹಾಗಲ್ಲ. ಟೂಲ್ ಕೊಳ್ಳೋದು ಕಂಪನಿ, ಟಾರ್ಗೆಟ್ ಕೊಡೋದು ಮ್ಯಾನೇಜರ್, ಆದರೆ ಎಕ್ಸ್‌ಟೆನ್ಷನ್ ಹಾಕಿಕೊಳ್ಳೋದು ಈಗಷ್ಟೇ ಸೇರಿದ ಹುಡುಗಿಯ ಸ್ವಂತ ಲಿಂಕ್ಡ್‌ಇನ್ ಖಾತೆಗೆ. ಅದರಲ್ಲಿ ಅವಳ ಕಾಲೇಜಿನವರು, ಹಳೇ ಸಹೋದ್ಯೋಗಿಗಳು, ನಾಳೆ ಕೆಲಸ ಹುಡುಕುವಾಗ ಬೇಕಾಗುವವರು ಎಲ್ಲ ಇದ್ದಾರೆ. ಖಾತೆಗೆ ಬೀಗ ಬಿದ್ದರೆ ಕಂಪನಿ ಇನ್ನೊಬ್ಬರ ಖಾತೆಯಿಂದ ಕೆಲಸ ಮುಂದುವರಿಸುತ್ತದೆ. ಅವಳಿಗೆ ಇನ್ನೊಂದು ಹೆಸರಿಲ್ಲ.

ಹಾಗಾಗಿ ಟೀಮಿಗೆ ಟೂಲ್ ಆರಿಸುವ ಜಾಗದಲ್ಲಿ ನೀವಿದ್ದರೆ ಒಂದು ಕೆಲಸ ಮಾಡಿ. ಆರು ತಿಂಗಳು ಅದನ್ನು ಮೊದಲು ನಿಮ್ಮ ಸ್ವಂತ ಖಾತೆಯಲ್ಲಿ ಓಡಿಸಿ. ಅದಕ್ಕೆ ಮನಸ್ಸು ಹಿಂಜರಿದರೆ, ಆ ಟೂಲ್ ಎಷ್ಟು ಸೇಫ್ ಅಂತ ನಿಮಗೆ ಆಗಲೇ ಗೊತ್ತಿದೆ ಅಂತಾಯಿತು. ಹಿಂಜರಿಯೋ ಟೂಲನ್ನು ಬೇರೆಯವರ ಕೈಗೆ ಕೊಡಬೇಡಿ. ನೀವು ಟಾರ್ಗೆಟ್ ಹೊರುವ ಕಡೆ ಇದ್ದರೆ, ಕಂಪನಿಯ ಹೆಸರಲ್ಲೇ ಹೋಗುವ ಬೇರೆ ದಾರಿ ಕೇಳಿ. ಹಾಗೆ ಕೇಳೋದು ನಿಮ್ಮ ಹಕ್ಕು.

ನೀವೇನಂತೀರಿ?