ಕುಣಿಮಗ್ಗದ ನಡು: ಹಾಸಿಗೆಯಿಂದ ನಡಿಗೆಗೆ

ಹುನಗುಂದ ಸೀಮೆಯ ಇಳಕಲ್ಲಿನ ಸೀರೆಯನ್ನೂ ಬಾದಾಮಿಗೆ ಸಮೀಪದ ಗುಳೇದಗುಡ್ಡದ ಖಣವನ್ನೂ ತಲೆಮಾರುಗಳಿಂದ ಹೊತ್ತುಬಂದಿರುವುದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅದರ ಅಂಚಿನಲ್ಲಿ ಕುಳಿತು, ಕಾಲಡಿಯ ಹಲಗೆ ತುಳಿದು ಹಾಸಿನ ಎಳೆಗಳನ್ನು ಬಿಡಿಸುತ್ತ, ಲಾಳಿ ಹಾಯಿಸಿ ಹೊಕ್ಕನ್ನು ಬಡಿಯುವ ಈ ದುಡಿಮೆಯಲ್ಲಿ ನೇಕಾರನ ಮೈ ದಿನವಿಡೀ ಮುಂದಕ್ಕೆ ಬಾಗಿರುತ್ತದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆಯಾದುದರಿಂದ, ಎರಡರ ಎಳೆಗಳನ್ನು ಕುಣಿಕೆಯಾಗಿ ಕೋದು ಕೂಡಿಸುವ ‘ತೋಪು ತೆನಿ’ ಎಂಬ ಜೋಡಣೆಯೂ ಪ್ರತಿ ಸೀರೆಗೆ ಬೇಕಾಗುತ್ತದೆ. ಈ ಸೀಮೆಯ ಮಾತಿನಲ್ಲಿ ‘ನಡ ಹಿಡಿಯುವುದು’ ಎಂದರೆ ಇಂಥ ದುಡಿಮೆಯವರಿಗೆ ಚಿರಪರಿಚಿತವಾದ ಸೊಂಟನೋವು.

ಸೊಂಟದಿಂದ ಕಾಲಿಗೆ ಇಳಿಯುವ ನೋವನ್ನು ಚರಕಸಂಹಿತೆ ‘ಗೃಧ್ರಸೀ’ ಎಂದು ಹೆಸರಿಸಿ ವಾತವ್ಯಾಧಿಗಳಲ್ಲಿ ಎಣಿಸಿತು. ಇಟಲಿಯ ವೈದ್ಯ ರಾಮಜ್ಜೀನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಬರೆದ ಗ್ರಂಥದಲ್ಲಿ ಕುಳಿತು ದುಡಿಯುವವರ ಬಾಧೆಗಳನ್ನು ವಿವರಿಸಿ, ಅವರು ಬಿಡುವಿನ ದಿನಗಳಲ್ಲಿ ಮೈಯಾಡಿಸಬೇಕೆಂದು ಸೂಚಿಸಿದನು. ಆದರೆ 1863ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ ಪ್ರಕಟಿಸಿದ ಉಪನ್ಯಾಸಗಳ ಕಾಲದಿಂದ ವಿಶ್ರಾಂತಿಯೇ ಮದ್ದೆಂಬ ನಂಬಿಕೆ ಬಲವಾಗಿ ಬೇರೂರಿತು. ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಯಾದ ಡಿಸ್ಕು ಹರಿದು ನರವನ್ನು ಒತ್ತುವುದೇ ಇಂಥ ಕಾಲುನೋವಿಗೆ ಕಾರಣವಾಗಬಲ್ಲದೆಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿದಾಗ ಶಸ್ತ್ರಚಿಕಿತ್ಸೆಗೆ ದಾರಿ ತೆರೆಯಿತಾದರೂ, ಮೂಳೆಯನ್ನು ಅಗಲವಾಗಿ ತೆಗೆಯುತ್ತಿದ್ದ ಆ ಕಾಲದಲ್ಲಿ ರೋಗಿ ಬಹುದಿನ ಹಾಸಿಗೆಯಲ್ಲೇ ಉಳಿಯುತ್ತಿದ್ದನು.

ಈ ಕ್ರಮವನ್ನು ಸಡಿಲಿಸಿದ್ದು ಚಿಕ್ಕ ಗಾಯ. ಸೂಕ್ಷ್ಮದರ್ಶಕದ ನೆರವಿನಿಂದ ಡಿಸ್ಕಿನ ಚೂರನ್ನಷ್ಟೇ ತೆಗೆಯುವ ವಿಧಾನವನ್ನು ಯಾಸರ್ಗಿಲ್ ಮತ್ತು ಕಾಸ್ಪರ್ 1977ರಲ್ಲಿ ಪ್ರಕಟಿಸಿದರು. ಸ್ನಾಯುಗಳನ್ನು ಕತ್ತರಿಸದೆ ಸರಿಸಿ, ಕಿರಿದಾದ ಕೊಳವೆಯ ಮೂಲಕ ಒಳದರ್ಶಕವನ್ನು (ಎಂಡೋಸ್ಕೋಪ್) ಇಳಿಸುವ ವಿಧಾನವನ್ನು ಫೋಲಿ ಮತ್ತು ಸ್ಮಿತ್ 1997ರಲ್ಲಿ ವರದಿ ಮಾಡಿದರು. ಇದೇ ಅವಧಿಯಲ್ಲಿ ವಿಶ್ರಾಂತಿಯ ಸಿದ್ಧಾಂತವೂ ಪರೀಕ್ಷೆಗೆ ಒಳಗಾಯಿತು. ಸೊಂಟನೋವಿಗೆ ಏಳು ದಿನದ ಹಾಸಿಗೆಗಿಂತ ಎರಡು ದಿನದ್ದು ಕಡಿಮೆ ಗುಣಕಾರಿಯಲ್ಲವೆಂದು 1986ರ ಅಮೆರಿಕದ ಅಧ್ಯಯನವೂ, ನಿತ್ಯದ ಚಟುವಟಿಕೆಯನ್ನು ನೋವು ತಾಳುವಷ್ಟು ಮುಂದುವರಿಸುವುದೇ ಮೇಲೆಂದು 1995ರ ಫಿನ್ಲೆಂಡಿನ ಅಧ್ಯಯನವೂ ತಿಳಿಸಿದವು. ಡಿಸ್ಕ್ ಶಸ್ತ್ರಚಿಕಿತ್ಸೆಯಾದ 152 ರೋಗಿಗಳಿಗೆ ಯಾವ ನಿರ್ಬಂಧವನ್ನೂ ಹಾಕದೆ ಗಮನಿಸಿದ ಕರಾಗೀ ಮತ್ತು ಸಂಗಡಿಗರು, ಅದರಿಂದ ಹಾನಿ ಹೆಚ್ಚಲಿಲ್ಲವೆಂದು 1999ರಲ್ಲಿ ವರದಿ ಮಾಡಿದರು.

ಇಂಥ ದೊಡ್ಡ ಚಿಕಿತ್ಸೆಗಾಗಿ ಇಳಕಲ್-ಗುಳೇದಗುಡ್ಡ ಸೀಮೆಯ ಜನ ಬಹುಕಾಲ ನೆಚ್ಚಿದ್ದು 1894ರಲ್ಲಿ ಆರಂಭವಾದ ಮಿರಜಿನ ಮಿಷನ್ ಆಸ್ಪತ್ರೆಯಂಥ ದೂರದ ನೆಲೆಗಳನ್ನು, ಮುಂದೆ ಹುಬ್ಬಳ್ಳಿಯನ್ನು. 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 2002ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ ಈ ಸೀಮೆಯ ಜಿಲ್ಲಾಕೇಂದ್ರವಾದ ಬಾಗಲಕೋಟೆಯಲ್ಲೇ ವೈದ್ಯಶಿಕ್ಷಣದ ಆಸ್ಪತ್ರೆಯೊಂದು ನೆಲೆಗೊಂಡಿತು.

ಇಂದು ಚಿಕ್ಕ ಗಾಯದ ಚಿಕಿತ್ಸೆಯಾದವರನ್ನು ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ನಡೆಸಲಾಗುತ್ತದೆ. ನಡಿಗೆಯನ್ನು ದಿನದಿನಕ್ಕೆ ಹೆಚ್ಚಿಸುತ್ತ, ಭಾರ ಎತ್ತುವುದು, ಬಾಗಿ ತಿರುಗುವುದು, ಬಹಳ ಹೊತ್ತು ಕೂರುವುದು ಇವನ್ನು ಮೊದಲ ಕೆಲವು ವಾರ ದೂರವಿಡಲು ಹಲವು ವೈದ್ಯರು ಹೇಳುತ್ತಾರೆ. ನಿಂತಾಗಿನದಕ್ಕಿಂತ ಮುಂದೆ ಬಾಗಿ ಕುಳಿತಾಗ ಡಿಸ್ಕಿನೊಳಗಿನ ಒತ್ತಡ ಹೆಚ್ಚೆಂದು ಸ್ವೀಡನ್ನಿನ ನಾಕೆಮ್ಸನ್ 1960ರ ದಶಕದಲ್ಲಿ ಅಳೆದು ತೋರಿಸಿದ್ದನ್ನು ನೆನೆದರೆ, ಮೇಜಿನ ಕೆಲಸದವನಿಗೆ ಒಪ್ಪುವ ಗಡುವು ಕುಣಿಮಗ್ಗದವನಿಗೆ ಹಾಗೆಯೇ ಒಪ್ಪದು. ಸೀರೆಗಿಷ್ಟೆಂದು ಕೂಲಿ ಪಡೆಯುವ ನೇಕಾರನಿಗೆ ತಿಂಗಳ ಹಾಸಿಗೆ ಎಂದೂ ಕೈಗೆಟುಕುವ ಮದ್ದಾಗಿರಲಿಲ್ಲ. ಬೇಗ ನಡೆಸುವ ಹೊಸ ಕ್ರಮ ಅವನಿಗೆ ಹೆಚ್ಚು ಒಗ್ಗುತ್ತದೆ. ಆದರೆ ನಡಿಗೆಗೆ ಮರಳುವುದು ಬೇರೆ, ಕುಣಿಗೆ ಮರಳುವುದು ಬೇರೆ ಎಂಬುದನ್ನು ವೈದ್ಯನೂ ಮಗ್ಗದ ಮಾಲೀಕನೂ ಕೂಡಿ ಒಪ್ಪಿಕೊಂಡಾಗಲೇ ಆ ಚೇತರಿಕೆ ಪೂರ್ಣವಾಗುತ್ತದೆ.